ಗಿಣ್ಣಿನ ಡಬ್ಬಿ

ಮಂಗಳವಾರ, ನವೆಂಬರ್ ೧೧

ಆ ಡಬ್ಬಿ ಇನ್ನೂ ಅಡುಗೆಕಟ್ಟೆಯ ಮೇಲೇ ಇದೆ.

ಶಿವನಿಯಿಂದ ಕಡೂರಿಗೆ, ನಮ್ಮ ಕಾಲೇಜಿಗೆ ಬರುವ ನಿಶ್ಚಿತಾ ನಿನ್ನೆ ಇಂಟರ್ನಲ್ಸ್ ಬರೆಯಲಿಲ್ಲ. ಇವತ್ತು ಕಾರಣ ಕೇಳಿದೆ.

"ಹಸ ಕರು ಹಾಕ್ತಿತ್ತು ಮೇಡಂ. ಕರು ಸಿಕ್ಕಾಕ್ಕೊಂಡಿತ್ತು, ಮನೇಲಿ ನಾನೊಬ್ಳೇ. ಹೆಂಗ್ ಬಿಟ್ ಬರ್ಲಿ?"

ಜ್ವರ ಅಂತ ಒಂದು ಸರ್ಟಿಫಿಕೇಟ್ ತಂದಿದ್ದರೆ ಮರುಪರೀಕ್ಷೆ ಕೊಡಬಹುದಿತ್ತು. ಈ ಹುಡುಗಿಗೆ ಸುಳ್ಳು ಹೇಳುವುದೂ ಬರುವುದಿಲ್ಲ. ಯೂನಿವರ್ಸಿಟಿಯ ನಿಯಮದಲ್ಲಿ ಕಾಯಿಲೆ ಇದೆ, ಸಾವಿದೆ, ಹುಟ್ಟು ಮಾತ್ರ ಇಲ್ಲ. ಆಗಲ್ಲ ಎಂದೆ.

"ಹೋಗ್ಲಿ ಬಿಡಿ ಮೇಡಂ, ಗಿಣ್ಣು ತಿನ್ನಿ" ಎಂದು ಡಬ್ಬಿ ಇಟ್ಟು ಹೋದಳು.

ತಿಂದೆ. ಏಲಕ್ಕಿ ಹಾಕಿದ್ದಳು. ಗಿಣ್ಣು ಬಂದ ಡಬ್ಬಿಯನ್ನು ಖಾಲಿ ವಾಪಸ್ ಕೊಡಬಾರದು. ನಾಳೆ ಅದಕ್ಕೆ ಸಕ್ಕರೆ ಹಾಕಿಕೊಟ್ಟ ಕೈಯಲ್ಲೇ ಅವಳ ಹೆಸರಿನ ಮುಂದೆ ಸೊನ್ನೆ ಹೇಗೆ ಬರೆಯಲಿ?