ಬ್ಯಾಟರಿಗೆ ಹೊದಿಸಿದ ಕಂಬಳಿ

ತಮ್ಮಾ, ಎದ್ದ ಕೂಡಲೇ ಇದನ್ನು ಓದು, ಮುಖ ಆಮೇಲೆ ತೊಳೆದರಾಯಿತು.

ನಿನ್ನ ಬೈಕಿನ ಬ್ಯಾಟರಿ ಹೊಟ್ಟೆ ಉಬ್ಬಿಸಿಕೊಂಡು ಕೂತಿದೆ. "ಚಳಿಗೆ ಬ್ಯಾಟರಿ ಏಳ್ತಿಲ್ಲ" ಅಂತ ನೀನು ಅಂದಿದ್ದೇ ತಪ್ಪಾಯಿತು. ಅಮ್ಮ ಅದನ್ನು ನೀನು ಮಾವನಿಂದ ತಂದಿದ್ದ ಲಾರಿ ಚಾರ್ಜರ್ ಸಮೇತ ಅಪ್ಪನ ಮಂಚದ ಕೆಳಗಿಟ್ಟು, ಮೇಲೆ ಕಂಬಳಿ ಹೊದಿಸಿದ್ದಾಳೆ! ಕೇಳಿದರೆ, "ಬೆಚ್ಚಗಿದ್ರೆ ಬೇಗ ಏಳತ್ತೆ ಕಣೇ" ಅಂತಾಳೆ. ಪಕ್ಕದಲ್ಲೇ ಅಪ್ಪನ ಆಕ್ಸಿಜನ್ ಸಿಲಿಂಡರ್. ಒಂದು ಕಿಡಿ ಹಾರಿದ್ದರೆ?

ಪ್ಲಗ್ ಕಿತ್ತು ಎಲ್ಲವನ್ನೂ ಅಂಗಳದಲ್ಲಿಟ್ಟಿದ್ದೇನೆ. ಆ ಬ್ಯಾಟರಿಯನ್ನು ಮತ್ತೆ ಚಾರ್ಜಿಗೆ ಹಾಕಬೇಡ, ಅದರ ಕಥೆ ಮುಗಿಯಿತು. ಮಾವನ ಲಾರಿ ಚಾರ್ಜರನ್ನು ಮಾವನಿಗೇ ಕೊಟ್ಟುಬಿಡು. ಅದೂ ಮಾವನ ಹಾಗೇ, ಸಾಕು ಸಾಕು ಅಂದರೂ ಬಡಿಸುತ್ತಲೇ ಇರುತ್ತದೆ. ಹೊಸ ಬ್ಯಾಟರಿಯ ಜೊತೆ ಬೈಕಿಗೆಂದೇ ಇರುವ ಸಣ್ಣ ಚಾರ್ಜರ್ ತಾ. ಹನ್ನೆರಡು ವೋಲ್ಟಿನದು, ತುಂಬಿದ ಮೇಲೆ ತಾನೇ ನಿಲ್ಲುವಂಥದು. ಆ ಹೊಸ ಬ್ಯಾಟರಿ ತೋರಿಸಿ, ಅದಕ್ಕೆ ಹೊಂದುವುದನ್ನೇ ಕೇಳು. "ಎಲ್ಲಾ ಒಂದೇ ಅಣ್ಣಾ" ಎನ್ನುವ ಅಂಗಡಿಯವನನ್ನು ನಂಬಬೇಡ. ಇನ್ನು ಮೇಲೆ ಚಾರ್ಜ್ ಮಾಡುವುದು ಹೊರಗೆ ಮಾತ್ರ.

ಸಿಲಿಂಡರಿನ ಮುಳ್ಳು ಕೆಂಪಿಗೆ ಬಂದಿದೆ, ಆಕ್ಸಿಜನ್ ಮುಗಿಯುತ್ತಾ ಬಂತು. ಸಂಜೆಯೊಳಗೆ ಬೈಕ್ ಏಳದಿದ್ದರೆ ಇನ್ನೊಂದನ್ನು ಹೇಗೆ ತರುತ್ತೀಯೋ ನನಗೆ ತಿಳಿಯದು. ನನಗೆ ರಜೆ ಕೊಡಲಿಲ್ಲ. ನಿನ್ನ ಕಾಲಿಗೆ ಬೇಕಾದರೂ ಬೀಳುತ್ತೇನೆ, ಮತ್ತೆ ಮಲಗಬೇಡ.

ಅಮ್ಮನಿಗೆ ಬೈಯಬೇಡ. "ಇನ್ನು ಮುಟ್ಟಲ್ಲ" ಅಂದಿದ್ದಾಳೆ, ಆದರೆ ಅವಳ ಕಣ್ಣು ಅಂಗಳದ ಕಡೆಗೇ ಇದೆ. ಅದಕ್ಕೇ ಕಂಬಳಿಯನ್ನು ನಾನೇ ಹೊದ್ದುಕೊಂಡು ಕೆಲಸಕ್ಕೆ ಹೊರಟಿದ್ದೇನೆ.

ಅಕ್ಕ