ಮೂರನೇ ಅಧ್ಯಾಯದ ಗುರುಶಾಂತಮ್ಮ

ದಾವಣಗೆರೆ
17-11-2025, ಸೋಮವಾರ

ಪ್ರೀತಿಯ ಅತ್ತೆಯವರಿಗೆ ಅಂಕಿತಾಳ ಶರಣು.

ಮಂಡಿನೋವು ಹೇಗಿದೆ? ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಕೂರುತ್ತಿದ್ದೀರೋ, ಇಲ್ಲಾ ಹೇಳುವವರಿಲ್ಲವೆಂದು ಹರಿಹರದಲ್ಲಿ ಮತ್ತೆ ನೆಲ ಒರೆಸಲು ಶುರು ಮಾಡಿದ್ದೀರೋ? ನಾವಿಬ್ಬರೂ ಇಲ್ಲಿ ಚೆನ್ನಾಗಿದ್ದೇವೆ. ನಿಮ್ಮ ಚಿಕ್ಕ ಮಗ ಬೆಳಿಗ್ಗೆ ನನ್ನ ಮಾತಿಗೆ, ಸಂಜೆ ಫೋನಿನಲ್ಲಿ ಅಣ್ಣನ ಮಾತಿಗೆ ಹೂಂ ಅಂದುಕೊಂಡು ಆರಾಮಾಗಿದ್ದಾರೆ. ಫೋನ್ ಬಿಟ್ಟು ಕಾಗದ ಯಾಕೆಂದರೆ, ನಿಮಗೆ ಮಾಡಿದಾಗಲೆಲ್ಲ ಬಕ್ಕೇಶ್ ಭಾವನವರೇ ಎತ್ತಿ "ಅವ್ವ ಮಲಗ್ಯಾಳ" ಅನ್ನುತ್ತಾರೆ. ಹಗಲು ಹೊತ್ತು ಮಲಗಿದ ನಿಮ್ಮನ್ನು ನಾನು ನಿಮ್ಮ ಸೊಸೆಯಾಗಿ ಬಂದಾಗಿನಿಂದ ಕಂಡಿಲ್ಲ.

ಎಲ್ಲ ಆ ಪುಸ್ತಕದ್ದೇ ಗಲಾಟೆ. ಪದವಿ ಮೊದಲ ವರ್ಷದ ಮಕ್ಕಳಿಗೆಂದು ಇಲ್ಲಿಯ ಪ್ರಕಾಶಕರು ಇತಿಹಾಸ, ಸಮಾಜಶಾಸ್ತ್ರ, ಅರ್ಥಶಾಸ್ತ್ರ ಅಂತ ಒಂದೊಂದಕ್ಕೂ ಪರಿಚಯದ ಪುಸ್ತಕ ತಂದರಲ್ಲ, ಅದರಲ್ಲಿ ಅರ್ಥಶಾಸ್ತ್ರ ನನ್ನ ಪಾಲಿಗೆ ಬಂತು. ನಾನು ಓದಿದ ಪುಸ್ತಕಗಳಲ್ಲೆಲ್ಲ ರಾಮು ಹಣ್ಣು ಕೊಳ್ಳುತ್ತಿದ್ದ, ಸೋಮು ಮಾರುತ್ತಿದ್ದ. ಹೆಂಗಸು ಬಂದರೆ ಬರೀ 'ಒಬ್ಬ ಗೃಹಿಣಿ'. ಆಗಲೇ ನನಗೆ ಮೈ ಉರಿಯುತ್ತಿತ್ತು. ಅದಕ್ಕೇ ಮೂರನೇ ಅಧ್ಯಾಯದಲ್ಲಿ, ದುಡಿಮೆ ಅಂದರೇನು ಎಂಬಲ್ಲಿ, ನಿಮ್ಮ ಹೆಸರನ್ನೇ ಹಾಕಿದೆ. ಹರಿಹರದ ಅಕ್ಕಿ ಅಂಗಡಿಯಲ್ಲಿ ಮೂಟೆ ಹೊತ್ತ ಹಮಾಲರ ಕೂಲಿ ರಾಷ್ಟ್ರೀಯ ಆದಾಯಕ್ಕೆ ಸೇರುತ್ತದೆ; ದಿನಾ ಮಧ್ಯಾಹ್ನ ಅವರಿಗೆಲ್ಲ ರೊಟ್ಟಿ ಬಡಿದು ಹಾಕಿದ ಮಾಲೀಕರ ಹೆಂಡತಿ ಗುರುಶಾಂತಮ್ಮನ ದುಡಿಮೆ ಸೇರುವುದಿಲ್ಲ, ಯಾಕೆ? ಅಚ್ಚಿಗೆ ಕೊಡುವ ಮುಂಚೆ ನಿಮಗೆ ಓದಿ ಹೇಳಿದ್ದೆ. ನೀವು ಅವರೆಕಾಯಿ ಸುಲಿಯುತ್ತಾ, "ಬರೀ ರೊಟ್ಟಿ ಅಂತ ಯಾಕ ಬರ್ದಿ? ಪಲ್ಯ ನಿಮ್ಮ ಮಾವ ಮಾಡ್ತಿದ್ರೇನು?" ಅಂದಿರಿ. ಇಬ್ಬರೂ ನಕ್ಕೆವು.

ಈ ಶುಕ್ರವಾರ ಪುಸ್ತಕ ಎರಡನೇ ಸಲ ಅಚ್ಚಿಗೆ ಹೋಗುತ್ತದೆ. ಭಾವನವರು ಪ್ರಕಾಶಕರ ಅಂಗಡಿಗೇ ಬಂದು, "ನಮ್ಮ ತಾಯಿ ಹಮಾಲರಿಗೆ ರೊಟ್ಟಿ ಬಡೀತಿದ್ರು ಅಂತ ಊರಿಗೆಲ್ಲ ಓದಿಸ್ತೀರೇನ್ರಿ? ಅವ್ವಗ ಭಾಳ ಬ್ಯಾಸರ ಆಗೈತೆ, ಹೆಸರು ತಗೀರಿ" ಅಂದರಂತೆ. ಪ್ರಕಾಶಕರು ನನ್ನನ್ನು ಕರೆದು, "ಒಬ್ಬ ಗೃಹಿಣಿ ಅಂತ ಹಾಕಿಬಿಡ್ರಿ ಮೇಡಂ, ಏನ್ ಗಂಟು ಹೋಗ್ತದೆ" ಅಂದರು. ಹಾಗಾದರೆ ರಕ್ಷಾಪುಟದಿಂದ ನನ್ನ ಹೆಸರನ್ನೂ ತೆಗೆಯಿರಿ, 'ಒಬ್ಬ ಗೃಹಿಣಿ ಬರೆದದ್ದು' ಅಂತಲೇ ಹಾಕಿ ಎಂದು ಹೇಳಿ ಎದ್ದು ಬಂದೆ. ಆ ರೊಟ್ಟಿ ತಿಂದೇ ಅಂಗಡಿ ನಡೆದದ್ದು. ಬಡಿದ ಕೈಗೆ ಇಲ್ಲದ ನಾಚಿಕೆ ಭಾವನವರಿಗೆ ಎಲ್ಲಿಂದ ಬಂತು? ಮೊನ್ನೆ ಕಾಲೇಜಿನಲ್ಲಿ ನನ್ನ ತರಗತಿಯ ಕಿರುಪರೀಕ್ಷೆಗೆ ಈ ಪಾಠಕ್ಕೆ ಉದಾಹರಣೆ ಕೇಳಿದ್ದೆ. ಯಾಸ್ಮೀನ್ ಅನ್ನುವ ಹುಡುಗಿ ನಿಮ್ಮನ್ನು ಬಿಟ್ಟು ತನ್ನ ತಾಯಿ ಗುಲ್ನಾಜ್ ಹೆಸರು ಬರೆದಿದ್ದಳು. ಪುಸ್ತಕದಲ್ಲಿಲ್ಲದ ಉತ್ತರ, ಪೂರ್ತಿ ಅಂಕ ಕೊಟ್ಟೆ. 'ಒಬ್ಬ ಗೃಹಿಣಿ' ಅಂತ ಇದ್ದಿದ್ದರೆ ಆ ಮಗುವಿಗೆ ತಾಯಿಯ ಹೆಸರು ಬರೆಯುವ ಧೈರ್ಯ ಬರುತ್ತಿತ್ತೇ, ನೀವೇ ಹೇಳಿ. ಹೆಸರು ತೆಗೆಸುವ ಹಕ್ಕು ಒಬ್ಬರಿಗೇ ಇದೆ, ಅದು ನಿಮಗೆ. ನಿಮಗೆ ನಿಜಕ್ಕೂ ನೋವಾಗಿದ್ದರೆ ನಾನೇ ಅಳಿಸುತ್ತೇನೆ, ಎದುರು ಮಾತಾಡುವುದಿಲ್ಲ. ಬೇರೆ ಯಾರು ಹೇಳಿದರೂ ಕೇಳುವವಳಲ್ಲ.

ಭಾವನವರಿಗೆ ನನ್ನ ನಮಸ್ಕಾರ ತಿಳಿಸಿ. ಜಗಳ ಪುಸ್ತಕದ್ದು, ಅವರು ಹಿರಿಯರೆಂಬ ಮರ್ಯಾದೆ ಹಾಗೇ ಇದೆ. ನಿಮ್ಮ ಆಶೀರ್ವಾದ ನನ್ನ ಮೇಲಿರಲಿ, ಈ ವಾರ ಸ್ವಲ್ಪ ಜಾಸ್ತಿಯೇ ಇರಲಿ.

ನಿಮ್ಮ ಸೊಸೆ,
ಅಂಕಿತಾ

ತಾ.ಕ.: ಕಾಗದ ತಂದವಳೇ ಆ ಯಾಸ್ಮೀನ್, ದಿನಾ ಹರಿಹರದಿಂದ ರೈಲಿಗೆ ಬರುವವಳು. ಪುಸ್ತಕದ ಗುರುಶಾಂತಮ್ಮನೂ ರಾಮು, ಸೋಮುವಿನ ಹಾಗೆ ಕಟ್ಟಿದ ಹೆಸರು ಎಂದೇ ತಿಳಿದಿದ್ದಾಳೆ. ಅಂಗಡಿ ಹಿಂದಿನ ಮನೆಯ ಅಜ್ಜಿಯ ಕೈಗೇ ಕೊಡು, ಓದಿ ಮುಗಿಸುವವರೆಗೆ ಕೂತಿರು ಎಂದಷ್ಟೇ ಅವಳಿಗೆ ಹೇಳಿದ್ದೇನೆ. ಹೆಸರು ಬೇಡವಾದರೆ ಚಹಾ ಕುಡಿಸಿ ಕಳಿಸಿ, ನನಗೆ ಅರ್ಥವಾಗುತ್ತದೆ. ಇರಲಿ ಅನ್ನಿಸಿದರೆ, ಭಾವನವರು ಪಕ್ಕದಲ್ಲೇ ಕೂತಿದ್ದರೂ ಸರಿ, 'ಆ ಗುರುಶಾಂತಮ್ಮ ನಾನೇ' ಎಂದು ಅವಳಿಗೆ ಹೇಳಿ; ಕಾಲೇಜಿಗೆ ಬಂದು ಅವಳೇ ನನಗೆ ತಿಳಿಸುತ್ತಾಳೆ. ಪಲ್ಯವನ್ನೂ ಈ ಸಲ ಸೇರಿಸಿದ್ದೇನೆ.