ಉಳಿದದ್ದು ಒಂದೇ ಕಡ್ಡಿ

ಬೇರೆ ಮನೆ ಮಾಡಿದ ಕಿರಿಸೊಸೆಗೆ ಅತ್ತೆಯ ಆಶೀರ್ವಾದ.

ನಿನ್ನ ಮಾವ ಬಿಟ್ಟುಹೋದ ರಬ್ಬರ್ ಗಿಡ ಸತ್ತಿತು. ಮಕ್ಕಳಿಗೆಲ್ಲ ಹಂಚಲೆಂದು ಕಡ್ಡಿ ಕತ್ತರಿಸಿದ ಮೇಲೆ ಬುಡ ಒಣಗಿತ್ತು. ನೆಟ್ಟಿದ್ದ ಕಡ್ಡಿಗಳನ್ನು ಇಂದು ಎತ್ತಿ ನೋಡಿದರೆ ಎಲ್ಲವೂ ಕಪ್ಪಾಗಿ ಕೊಳೆತಿವೆ!

"ಬೇರು ಬರಿಸೋ ಪುಡಿ ಚೂರು ಸಾಕು ಅತ್ತೆ, ಹೆಚ್ಚಾದ್ರೆ ಸುಡುತ್ತೆ" ಎಂದು ನೀನು ಹೇಳಿದ್ದೆ. "ನನ್ನ ಮನೇಲಿ ಜಿಪುಣತನ ಬೇಡ" ಎಂದು ನಾನೇ ಕಡ್ಡಿಗಳಿಗೆ ಹಿಟ್ಟಿನಲ್ಲಿ ಹೊರಳಿಸಿದಂತೆ ಪುಡಿ ಮೆತ್ತಿದ್ದೆ.

ನೀನು ಕೇಳದೆ ಒಯ್ದ ಕಡ್ಡಿ ಚಿಗುರಿದೆಯೆಂದು ಮಗ ಹೇಳಿದ. ನಿನ್ನನ್ನು ಕಳ್ಳಿ ಎಂದ ಮಾತು ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ಅದನ್ನು ಅಲುಗಿಸಬೇಡ, ಬಿಸಿಲಿಗಿಡಬೇಡ. ಭಾನುವಾರ ಬರುತ್ತೇನೆ, ಹಾಸಿಗೆ ಹಾಕಿರು. ಯಾರಾದರೂ ಕೇಳಿದರೆ ಗಿಡ ನೋಡಲು ಬಂದಿದ್ದಾರೆ ಎನ್ನು. ನಿನ್ನನ್ನು ನೋಡಲು ಬಂದೆನೆಂದು ಹೇಳಿಕೊಂಡು ತಿರುಗಬೇಡ.

ಇಂತಿ,
ನಿನ್ನ ಅತ್ತೆ